ಮೂಡಿಗೆರೆಯ ಲೆಕ್ಕದ ಮೇಷ್ಟ್ರಿಗೆ

ಪ್ರಿಯ ಮೇಷ್ಟ್ರೇ (ಹೀಗೆ ಕರೆದರೆ ಉರಿದುಬೀಳುತ್ತೀಯೆಂದು ಗೊತ್ತಿದ್ದೇ ಬರೆದೆ),

ಹೈಸ್ಕೂಲು ಮಕ್ಕಳಿಗೆ ಎಷ್ಟು ಹೋಂವರ್ಕ್ ಕೊಡಬೇಕು, ಪೋಷಕನಾಗಿ ಹೇಳು ಎಂದು ಕೇಳಿದ್ದೀಯ. ಲೆಕ್ಕದ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತವನ ಅಭಿಪ್ರಾಯ ಬೇಕಾಗುವಷ್ಟು ಕೆಟ್ಟಿತೇ ನಿಮ್ಮ ಶಾಲೆಯ ಸ್ಥಿತಿ?

ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿ ಹೋಂವರ್ಕಿನ ಬಗ್ಗೆಯೂ ಹೇಳುತ್ತದೆಂದು ನಿನಗೂ ಗೊತ್ತು. ಎರಡನೇ ತರಗತಿಯವರೆಗೆ ಹೋಂವರ್ಕೇ ಇಲ್ಲ. ಒಂಬತ್ತರಿಂದ ಮೇಲಿನವರಿಗೆ ದಿನಕ್ಕೆ ಹೆಚ್ಚೆಂದರೆ 2 ಗಂಟೆ. ಹೋಂವರ್ಕಿನ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಹ್ಯಾರಿಸ್ ಕೂಪರ್ ತರಗತಿಗೆ ಹತ್ತು ನಿಮಿಷದಂತೆ ಲೆಕ್ಕ ಹಾಕುತ್ತಾರೆ, ಒಂಬತ್ತಕ್ಕೆ ತೊಂಬತ್ತು. ಸರಿ. ಆದರೆ ಆರು ವಿಷಯದವರೂ "ಬರೀ ಅರ್ಧ ಗಂಟೆಯದು" ಎನ್ನುತ್ತಾ ಕೊಟ್ಟರೆ ಮೂರು ಗಂಟೆಯಾಯಿತಲ್ಲ! ಸ್ಟಾಫ್ ರೂಮಿನಲ್ಲಿ ಅದನ್ನು ಕೂಡಿಸಿ ನೋಡುವವರು ಯಾರು? ಲೆಕ್ಕದವನು ನೀನಿದ್ದೀಯ, ಅಷ್ಟು ಮಾಡು.

ನಿಮ್ಮ ಕಡೆ ಕಾಫಿ ತೋಟದ ಕೆಲಸದವರ ಲೈನ್ ಮನೆಗಳ ಮಕ್ಕಳ ವಿಷಯ ಬೇರೆ. ಡಿಸೆಂಬರಿನ ಕೊಯ್ಲಿನಲ್ಲಿ ಅಪ್ಪ ಅಮ್ಮ ಹಣ್ಣು ತೂಕ ಹಾಕಿಸಿ ಬರುವಷ್ಟರಲ್ಲಿ ಕತ್ತಲು. ಒಲೆ, ತಮ್ಮ, ತಂಗಿ ಎಲ್ಲ ಮನೆಯ ದೊಡ್ಡ ಹುಡುಗಿಯ ಪಾಲಿಗೆ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಅವರಿಗೆ ಒಂದು ಗಂಟೆಯದೇ ಹೆಚ್ಚು. ಅದನ್ನೂ ಶಾಲೆಯಲ್ಲೇ ಶುರುಮಾಡಿಸು. ಕೊಟ್ಟಿದ್ದನ್ನು ತಿದ್ದು. ತಿದ್ದದ ಹೋಂವರ್ಕ್ ಬರೀ ಕೈನೋವು.

ಇಲ್ಲಿ ಹಾಸನದಲ್ಲಿ ಹೋಂವರ್ಕ್ ಕಡಿಮೆ ಮಾಡಿ ಎಂದು ಹೇಳುವಂತಿಲ್ಲ. 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಿತಲ್ಲ, ಆಮೇಲೆ ಎಂಟನೇ ತರಗತಿಯ ತಾಯಂದಿರಿಗೂ ಕನಸಿನಲ್ಲಿ 625 ಕಾಣುತ್ತದೆ.

ಮೊನ್ನೆ ಪೋಷಕರ ಸಭೆಯಲ್ಲಿ ಹೋಂವರ್ಕ್ ಅರ್ಧಕ್ಕಿಳಿಸೋಣವೇ ಎಂದು ಕೇಳಿದರು. ಇಷ್ಟು ಭಾಷಣ ಬಿಗಿಯುವ ನಾನು ಕೈ ಎತ್ತಲಿಲ್ಲ. ಯಾಕೆ ಗೊತ್ತೇ? ಮಗಳ ಅಮ್ಮ ಮಂಗಳೂರಿಗೆ ವರ್ಗವಾದ ಮೇಲೆ ಅವಳು ನನ್ನ ಪಕ್ಕ ಬಂದು ಕೂರುವುದು ಲೆಕ್ಕ ಬಾರದಿದ್ದಾಗ ಮಾತ್ರ. ಊಟಕ್ಕೆ ಕೂತರೆ "ಹೂಂ", "ಊಹೂಂ", ಅಷ್ಟೇ. ಬಹುಪದೋಕ್ತಿ ಸಿಕ್ಕಿಹಾಕಿಕೊಂಡ ರಾತ್ರಿ ಮಾತ್ರ ಪುಸ್ತಕ ಹಿಡಿದು ಬರುತ್ತಾಳೆ, ಇಬ್ಬರೂ ತಪ್ಪುತ್ತೇವೆ, ನಗುತ್ತೇವೆ, ಹಾಗೆಯೇ ಯಾವುದೋ ಗೆಳತಿಯ ಜಗಳ, ಯಾವುದೋ ಅಳು ಹೊರಗೆ ಬರುತ್ತದೆ. ನೀನು ಮೊಬೈಲಿಗೆ ಕಳುಹಿಸುತ್ತೀಯಲ್ಲ ಉತ್ತರ, ಅದು ಬಂದ ಮೇಲೂ ನಾನು ಇನ್ನೊಂದಷ್ಟು ಹೊತ್ತು ಬಾರದವನಂತೆಯೇ ತಲೆ ಕೆರೆಯುತ್ತಾ ಕೂತಿರುತ್ತೇನೆ. ಅವಳು ಆಕಳಿಸುತ್ತಿರುತ್ತಾಳೆ. ಆ ನೀತಿಯ ಎರಡು ಗಂಟೆಯನ್ನು ನಮ್ಮ ಮನೆಯಲ್ಲಿ ಮೀರಿಸುತ್ತಿರುವುದು ಯಾವ ಮೇಷ್ಟ್ರೂ ಅಲ್ಲ.

ಇಷ್ಟು ಬರೆಯುವ ಉದ್ದೇಶವಿರಲಿಲ್ಲ ಮಾರಾಯ. ನಿಮ್ಮ ಶಾಲೆಯ ಸಭೆಯಲ್ಲಿ ಲೈನ್ ಮನೆಯವರೆಗೆ ಓದು, ಮುಂದಿನದನ್ನು ನುಂಗಿಬಿಡು. ಮಗಳು ಓದುತ್ತಾಳೆಂಬ ಭಯವಿಲ್ಲ. ಅಪ್ಪಂದಿರು ಬರೆಯುವ ಜಾಗಕ್ಕೆ ಆ ವಯಸ್ಸಿನವರು ಕಾಲಿಡುವುದಿಲ್ಲವಂತೆ.

ಮತ್ತೆ, ನಿನ್ನೆ ಕಳುಹಿಸಿದ ಐದನೇ ಲೆಕ್ಕದ ಉತ್ತರ ಎಲ್ಲಿ? ಬೇಗ ಕಳುಹಿಸು. ಇದು ನಿಜವಾಗಿಯೂ ಬರುತ್ತಿಲ್ಲ.

ನಿನ್ನ,
ಹಿಂದಿನ ಬೆಂಚು