ಪರೇಡಿನಲ್ಲಿ ಕೆಡೆಟ್‌ಗಳು ಬೀಳುವುದೇಕೆ?

ಮಾನ್ಯರೇ,

ಆಗಸ್ಟ್ 15, ಜನವರಿ 26ರ ಪರೇಡಿನಲ್ಲಿ ಎನ್‌ಸಿಸಿ ಕೆಡೆಟ್ ಒಬ್ಬರು ತಲೆಸುತ್ತಿ ಬಿದ್ದರೆ 'ಬಿಸಿಲು, ನಿಶ್ಶಕ್ತಿ' ಎಂದು ಮಾತು ಮುಗಿಸುತ್ತೇವೆ. ನಿಲ್ಲುವ ಬಗೆಯನ್ನು ಯಾರೂ ನೋಡುವುದಿಲ್ಲ. 'ಸಾವಧಾನ್' ಎಂದರೆ ಹಿಮ್ಮಡಿ ಕೂಡಿಸಿ, ಪಾದಗಳನ್ನು 30 ಡಿಗ್ರಿ ತೆರೆದು, ಮಂಡಿ ಬಿಗಿದು ನಿಲ್ಲಬೇಕು. 'ವಿಶ್ರಾಮ್'ನಲ್ಲೂ ಕಾಲು 12 ಅಂಗುಲ ಅಗಲಿಸಿದ್ದಷ್ಟೇ, ಅಲ್ಲಾಡುವಂತಿಲ್ಲ. ಮೀನಖಂಡ ಮಿಸುಕದಿದ್ದರೆ ರಕ್ತ ಕಾಲಿನಲ್ಲೇ ತಂಗಿ ಮಿದುಳಿಗೆ ಕಡಿಮೆಯಾಗುತ್ತದೆ. ಅದರ ಮೇಲೆ ಖಾಲಿ ಹೊಟ್ಟೆ, ಹೊಟ್ಟೆ ಒತ್ತುವಂತೆ ಎಳೆದ ಬೆಲ್ಟ್. ಶೌಚಾಲಯ ಸಿಗದೆಂಬ ಅಂಜಿಕೆಗೆ ಹುಡುಗಿಯರು ನೀರನ್ನೇ ಕುಡಿದಿರುವುದಿಲ್ಲ.

ಬೂಟಿನೊಳಗೇ ಬೆರಳು ಮಡಚಿ ಬಿಚ್ಚುವುದು, ಮೀನಖಂಡ ಬಿಗಿದು ಸಡಿಲಿಸುವುದು ಹೊರಗೆ ಕಾಣದು, ಡ್ರಿಲ್ಲೂ ಕೆಡದು. ಇದನ್ನು ಉಸ್ತಾದರು ಮೊದಲ ವಾರವೇ ಕಲಿಸಲಿ. ಒಂದು ಗಂಟೆ ಮುಂಚೆ ಎರಡು ಇಡ್ಲಿ, ಎರಡು ಲೋಟ ನೀರು ಸಾಕು. ಕಣ್ಣು ಮಂಜಾಗಿ, ಬೆವರು ತಣ್ಣಗಾದರೆ ಅಲ್ಲೇ ಮಂಡಿಯೂರಿಬಿಡಬೇಕು. ಮರ್ಯಾದೆ ನೋಡಿಕೊಂಡು ನಿಂತರೆ ಒಡೆಯುವುದು ಗದ್ದ.

ಬಿದ್ದವರನ್ನು ಇಬ್ಬರು ಹೆಗಲು ಕೊಟ್ಟು ನಡೆಸಿಕೊಂಡು ಹೋಗುವುದು ನೋಡಲು ಚೆನ್ನ, ಆದರೆ ತಪ್ಪು. ಅಂಗಾತ ಮಲಗಿಸಿ, ಕಾಲು ಒಂದಡಿ ಎತ್ತಿ ಹಿಡಿದು, ಬೆಲ್ಟು, ಕಾಲರ್ ಸಡಿಲಿಸಬೇಕು. ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬಾರದು. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತಾರೆ. ಬಿಡದಿದ್ದರೆ, ತಲೆಗೆ ಏಟಾಗಿದ್ದರೆ ಆಂಬುಲೆನ್ಸ್‌ಗೆ ಕಾಯಿಸಬಾರದು. ಅದು ಮೈದಾನದ ಅಂಚಿನಲ್ಲೇ ನಿಂತಿರಲಿ, ಗಣ್ಯರ ಕಾರುಗಳ ಹಿಂದೆ ಅಲ್ಲ.

— ನಿವೃತ್ತ ಡ್ರಿಲ್ ತರಬೇತುದಾರರು, ಹಾಸನ