ಅಲೆ ಕುಗ್ಗಿದರೆ ಬಾಯಿ ಬಿಡು

ಚಿ. ಪುಟ್ಟಿಗೆ, ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಮುಂದಿನ ವಾರದಿಂದ ಆಪರೇಷನ್ ಥಿಯೇಟರಿನಲ್ಲಿ, ತಲೆಯ ಆಪರೇಷನ್ ನಡೆಯುವಾಗ ಕಣ್ಣಿನ ನರವನ್ನು ಕಾಯುವ ಮಾನಿಟರಿಂಗ್ ಯಂತ್ರದ ಮುಂದೆ ನೀನೊಬ್ಬಳೇ ಕೂರುತ್ತೀಯ ಅಂತ ನಿಮ್ಮಪ್ಪ ಹೇಳಿದ. ಮೊದಲ ಕೇಸೇ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆಯಂತೆ. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಬರೆದರೆ ನೀನು ಬೇಕೆಂದಾಗ ತೆಗೆದು ಓದಿಕೊಳ್ಳಬಹುದು, ಅಲ್ವಾ?

ನನ್ನಿಂದಾದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಕಣ್ಣಿನ ನರಕ್ಕೆ ಅಂಟಿಕೊಂಡೇ ಬೆಳೆದಿದ್ದ ಮೆನಿಂಜಿಯೋಮಾ, ಅಂದರೆ ಮಿದುಳಿನ ಹೊದಿಕೆಯ ಗೆಡ್ಡೆ. ಬಲಗಣ್ಣಿಗೆ ಬೆಳಕು ಮಿಂಚಿಸಿದಾಗ ಹಿಂದಲೆಯಿಂದ ಪರದೆಗೆ ಬರುವ ಅಲೆ ಮೆಲ್ಲಗೆ ಕುಗ್ಗತೊಡಗಿತು. ತಲೆಗೆ ಹಾಕಿದ ಎಲೆಕ್ಟ್ರೋಡ್ ಸಡಿಲ ಆಗಿರಬೇಕು ಅಂದುಕೊಂಡೆ. ಇನ್ನೊಂದು ಸಲ ನೋಡೋಣ, ಇನ್ನೊಂದು ಸಲ ನೋಡೋಣ ಅಂತ ಕಾದೆ. ಸರ್ಜನ್ ಮೈಕ್ರೋಸ್ಕೋಪಿನಿಂದ ತಲೆ ಎತ್ತಿರಲಿಲ್ಲ, ಸುಮ್ನೆ ಯಾಕೆ ತೊಂದರೆ ಕೊಡೋದು ಅಂತ ಸಂಕೋಚ ಬೇರೆ. ನಾನು ಬಾಯಿ ಬಿಡುವ ಹೊತ್ತಿಗೆ ಅಲೆ ಅರ್ಧಕ್ಕಿಂತ ಕೆಳಗಿಳಿದು 8 ನಿಮಿಷ ಕಳೆದಿತ್ತು. ಆ ಕಣ್ಣಿಗೆ ಆಮೇಲೆ ಬೆಳಕು, ಕತ್ತಲೆ ಬಿಟ್ಟರೆ ಜಾಸ್ತಿ ಏನೂ ತಿಳಿಯಲಿಲ್ಲ. ಮೊದಲೇ ಹೇಳಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಆದರೆ ಹೇಳುವುದೇ ನನ್ನ ಕೆಲಸವಾಗಿತ್ತು. ಅದನ್ನು ನಾನು ಮಾಡಲಿಲ್ಲ.

ಆ 8 ನಿಮಿಷದ ಲೆಕ್ಕ ನೀನು ಸರಿಯಾಗಿ ಮಾಡಿಕೋ. ಕಣ್ಣಿನಿಂದ ಹಿಂದಲೆಗೆ ಬರುವ ಸಂಕೇತ ಕೆಲವೇ ಮೈಕ್ರೋವೋಲ್ಟ್. ಮಿದುಳಿನ ಉಳಿದ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತದೆ. ಅದಕ್ಕೇ ಸೆಕೆಂಡಿಗೆ ಒಂದರಂತೆ 100 ಸಲ ಬೆಳಕು ಮಿಂಚಿಸಿ, ಎಲ್ಲದರ ಸರಾಸರಿ ತೆಗೆದು ಒಂದು ಅಲೆ ಕಟ್ಟುತ್ತೇವೆ. ಅಂದರೆ ಪರದೆಯ ಮೇಲೆ ಹೊಸ ಗೆರೆ ಮೂಡುವಾಗ ಅದು ಹಿಂದಿನ 100 ಸೆಕೆಂಡಿನ ಸುದ್ದಿ. "ಇನ್ನೊಂದು ಸಲ ನೋಡೋಣ" ಅಂದರೆ ನರವನ್ನು ಇನ್ನೂ 100 ಸೆಕೆಂಡು ಹಾಗೇ ಬಿಟ್ಟಂತೆ. ಒಂದು ಕಣ್ಣಿನ ನರದಲ್ಲಿ 10 ಲಕ್ಷಕ್ಕೂ ಹೆಚ್ಚು ಎಳೆಗಳಿವೆ, ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ಗೆಡ್ಡೆ ವರ್ಷಗಟ್ಟಲೆ ಒತ್ತಿ ಆ ನರವನ್ನು ರಿಬ್ಬನ್ನಿನ ಹಾಗೆ ಚಪ್ಪಟೆ ಮಾಡಿರುತ್ತದೆ. ಅದಕ್ಕೆ ರಕ್ತ ಕೊಡುವ ನಾಳಗಳೋ ಕೂದಲೆಳೆಯಂಥವು. ಅಂಥ ಕಡೆ ಸ್ವಲ್ಪ ಎಳೆತ, ಡ್ರಿಲ್ಲಿನ ಬಿಸಿ, ಒಂದು ನಾಳ ಬಿಗಿದುಕೊಳ್ಳುವುದು, ನರ ಹಾಳಾಗಲು ಅಷ್ಟು ಸಾಕು.

ಹಾಗಾಗಿ ಅಲೆ ಅರ್ಧಕ್ಕೆ ಇಳಿದರೆ ಮೊದಲು ಹೇಳು, ಆಮೇಲೆ ಯಂತ್ರ ನೋಡು. ಅರ್ಧಕ್ಕೆ ಇಳಿಯದಿದ್ದರೂ ಎರಡು ಸಲ ಒಂದೇ ದಿಕ್ಕಿಗೆ ಕುಗ್ಗಿದರೆ ಆಗಲೂ ಹೇಳು. "ಸರ್, ಬಲಗಣ್ಣಿನ ಅಲೆ ಅರ್ಧಕ್ಕೆ ಬಂದಿದೆ, ಒಂದು ನಿಮಿಷ ಕೈ ತಡೀರಿ, ನಾನು ಇಲ್ಲಿ ಚೆಕ್ ಮಾಡ್ತಿದ್ದೀನಿ." ಇಷ್ಟೇ ಮಾತು. ಅವರು ಮಿದುಳನ್ನು ಸರಿಸಿ ಹಿಡಿದ ರಿಟ್ರ್ಯಾಕ್ಟರ್ ಸಡಿಲಿಸುತ್ತಾರೆ, ಬೆಚ್ಚಗಿನ ಸಲೈನ್ ಹಾಕುತ್ತಾರೆ, ನಾಳ ಬಿಗಿದಿದ್ದರೆ ಅದನ್ನು ಹಿಗ್ಗಿಸುವ ಪಪಾವರಿನ್ ಔಷಧ ಹಚ್ಚುತ್ತಾರೆ. ಅರಿವಳಿಕೆಯವರು ಬಿಪಿ ಸ್ವಲ್ಪ ಏರಿಸುತ್ತಾರೆ. ಎಷ್ಟೋ ಸಲ ಅಲೆ ತಾನಾಗಿ ಎದ್ದು ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ಕೊನೆಗೆ ಸಡಿಲ ಎಲೆಕ್ಟ್ರೋಡೇ ಕಾರಣ ಅಂತಾದರೂ ಪರವಾಗಿಲ್ಲ. ಸರ್ಜನ್ ಗೊಣಗಿದರೆ ಗೊಣಗಲಿ ಬಿಡು.

ಚೆಕ್ ಮಾಡುವಾಗ ಇ.ಆರ್.ಜಿ. ಗೆರೆಯನ್ನು ಮೊದಲು ನೋಡು. ಅದು ಮಿಂಚಿಗೆ ರೆಟಿನಾ, ಅಂದರೆ ಕಣ್ಣಿನೊಳಗೆ ಬೆಳಕು ಹಿಡಿಯುವ ಪರದೆ, ಕೊಡುವ ಉತ್ತರ. ಅದೂ ಮಾಯವಾಗಿದ್ದರೆ ಹೆಚ್ಚಾಗಿ ಬೆಳಕೇ ಕಣ್ಣಿಗೆ ಹೋಗುತ್ತಿಲ್ಲ. ತಲೆಯ ಚರ್ಮ ಬಿಡಿಸಿ ಹಣೆಯ ಕಡೆ ಮಡಚಿದಾಗ ಅದು ಕೆಳಗೆ ಒತ್ತಿ, ಬೆಳಕು ಮಿಂಚಿಸುವ ಗಾಗಲ್ ಜಾರಿರಬಹುದು. ಇ.ಆರ್.ಜಿ. ಚೆನ್ನಾಗಿದ್ದು ಒಂದೇ ಕಣ್ಣಿನ ಹಿಂದಲೆಯ ಅಲೆ ಬಿದ್ದಿದ್ದರೆ ಅದು ನರದ ಕೂಗು. ಎರಡೂ ಕಣ್ಣಿನದು ಒಟ್ಟಿಗೆ ಇಳಿದರೆ ಅರಿವಳಿಕೆ, ಬಿಪಿ ಕಡೆಯೂ ನೋಡು. ಆದರೆ ಎರಡೂ ನರ ಕೂಡುವ ಜಾಗಕ್ಕೇ ಪೆಟ್ಟಾದರೂ ಎರಡೂ ಇಳಿಯಬಹುದು, ಅದನ್ನು ಮರೀಬೇಡ.

ಅರಿವಳಿಕೆ ಡಾಕ್ಟರ ಹತ್ತಿರ ಬೆಳಿಗ್ಗೆಯೇ ಮಾತಾಡು. ಸೆವೋಫ್ಲುರೇನ್ ಥರದ ಗ್ಯಾಸ್ ಈ ಅಲೆಯನ್ನು ಅಮುಕಿಬಿಡುತ್ತದೆ, ಪ್ರೊಪೊಫಾಲ್ ಡ್ರಿಪ್ ಆದರೆ ಚೆನ್ನಾಗಿ ಉಳಿಯುತ್ತದೆ. ಮೊದಲೆಲ್ಲ ಈ ಅಲೆಯನ್ನು ನಂಬುವ ಹಾಗಿಲ್ಲ ಅಂತಲೇ ಜನ ಕೈಬಿಟ್ಟಿದ್ದರು. 2010ರಲ್ಲಿ ಜಪಾನಿನ ವೈದ್ಯರು ಮೆತ್ತನೆಯ ಸಿಲಿಕೋನ್ ಬಿಲ್ಲೆಯಲ್ಲಿ ಪ್ರಖರ ಎಲ್‌ಇಡಿ ಇಟ್ಟು, ಪ್ರೊಪೊಫಾಲ್ ಬಳಸಿ, ಇ.ಆರ್.ಜಿ.ಯನ್ನೂ ಜೊತೆಗೇ ತೆಗೆದು, ಬಹುಪಾಲು ರೋಗಿಗಳಲ್ಲಿ ಸ್ಥಿರವಾದ ಅಲೆ ಸಿಗುತ್ತದೆ ಅಂತ ತೋರಿಸಿದರು. ನಾವು ಇವತ್ತು ಮಾಡುವುದು ಹೆಚ್ಚುಕಡಿಮೆ ಅದನ್ನೇ.

ಇನ್ನೊಂದು ಮಾತು. ಅಲೆ ಚೆನ್ನಾಗಿದ್ದರೆ "ದೃಷ್ಟಿ ಚೆನ್ನಾಗಿದೆ" ಅಂತ ಯಾವತ್ತೂ ಹೇಳಬೇಡ. "ಅಲೆ ಬದಲಾಗಿಲ್ಲ" ಅನ್ನು. ಮಿಂಚು ಇಡೀ ರೆಟಿನಾ ಮೇಲೆ ಬೀಳುತ್ತದೆ, ಹಾಗಾಗಿ ನೋಟದ ಒಂದು ಮೂಲೆ ಹೋದರೂ ಅಲೆ ಹಾಗೇ ಇರಬಹುದು. ಪಿಟ್ಯುಟರಿ ಗೆಡ್ಡೆ ಕೆಳಗಿನಿಂದ ಒತ್ತುವುದು ನರಗಳು ಹಾದು ಅಡ್ಡ ದಾಟುವ ಜಾಗವನ್ನು, ಆಗ ಹೋಗುವುದು ಎರಡೂ ಹೊರಬದಿಯ ನೋಟ. ಅಂಥವರು ಓದುತ್ತಾರೆ, ಬರೆಯುತ್ತಾರೆ, ಬಾಗಿಲು ದಾಟುವಾಗ ಮಾತ್ರ ಭುಜ ಚೌಕಟ್ಟಿಗೆ ತಾಗುತ್ತದೆ.

ಅದಕ್ಕೇ ಹಿಂದಿನ ದಿನವೇ ವಾರ್ಡಿಗೆ ಹೋಗು. ನೋಟದ ಹರವು ಅಳೆದ ಪೆರಿಮೆಟ್ರಿ ಚಾರ್ಟ್ ಓದು. ಒಂದೊಂದೇ ಕಣ್ಣು ಮುಚ್ಚಿಸಿ ಕೆಂಪು ಪೆನ್ನಿನ ಮುಚ್ಚಳ ತೋರಿಸು. ನರ ಸೊರಗಿದ ಕಣ್ಣಿಗೆ ಅದೇ ಕೆಂಪು ಮಾಸಿದ ಹಾಗೆ ಕಾಣುತ್ತದೆ. ನೋಟ ಆಗಲೇ ತುಂಬಾ ಹೋಗಿದ್ದರೆ ಅಲೆ ಸಿಗದೇ ಇರಬಹುದು, ಅದನ್ನು ಸರ್ಜನ್‌ಗೆ ಮೊದಲೇ ಹೇಳಿಬಿಡು. ಇಲ್ಲದ ಗೆರೆಯನ್ನು ಅವರು ನಂಬಿಕೊಂಡಿರಬಾರದು.

ಆಪರೇಷನ್ ಮುಗಿದ ಕೂಡಲೇ ತಂತಿ ಸುತ್ತಿಕೊಂಡು ಹೊರಡಬೇಡ. ಎಚ್ಚರ ಆದಮೇಲೆ ಒಂದೊಂದು ಕಣ್ಣಿಗೂ ಬೆರಳು ಎಣಿಸಲು ಹೇಳಿ ನೋಡು. ರಾತ್ರಿ ತಲೆಯೊಳಗೆ ರಕ್ತ ಕಟ್ಟಿ ನರ ಒತ್ತಿದರೆ ಆಗ ನಿನ್ನ ಯಂತ್ರ ಇರುವುದಿಲ್ಲ, ಗಂಟೆಗೊಮ್ಮೆ ಬೆರಳು ತೋರಿಸುವ ನರ್ಸ್ ಇರುತ್ತಾರೆ. ಸಂಜೆ ಎಷ್ಟು ಕಂಡಿತ್ತು ಅಂತ ಅವರಿಗೆ ಬರೆದು ಕೊಟ್ಟು ಬಾ.

ಆ ದಿನ ಎಷ್ಟೇ ಹೊತ್ತಾದರೂ ನನಗೆ ಫೋನ್ ಮಾಡು. ಎಚ್ಚರವಾಗೇ ಇರುತ್ತೇನೆ. ಎಷ್ಟು ಬೆರಳು ಎಣಿಸಿದರು ಅಂತ ಮೊದಲು ಹೇಳು.

ಇಂತಿ,
ನಿನ್ನ ಅತ್ತೆ