ಮುರಿದ ಕೋವಿ ಮರವನ್ನು ಬಿಸಾಕಬೇಡಿ

ಮಾನ್ಯ ಸಂಪಾದಕರೇ,

ಪಾರ್ಸೆಲ್‌ನಲ್ಲಿ ಬರುವಾಗ ಮರ ಮುರಿದುಹೋದ ಹಳೆಯ ರೈಫಲ್‌ಗೆ ಏನು ಮಾಡಬೇಕು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಕೇಳಿದ್ದರು. ಅದಕ್ಕೆ ಇನ್ನೊಬ್ಬರು ಕೊಟ್ಟ ಉತ್ತರ ಓದಿ ಸುಮ್ನೆ ಇರಲು ಆಗಲಿಲ್ಲ. ಹಳೆ ಮರ ತೆಗೆದು ಹೊಸದು ಹಾಕಿಸಿ, ಕಬ್ಬಿಣಕ್ಕೂ ಒಂದು ಕೈ ಪಾಲಿಶ್ ಹೊಡೆಸಿ ಅಂತ ಅವರ ಸಲಹೆ. ನಾನು ಬಡಗಿ. ಮೊದಲು ಮೇಜು, ಕುರ್ಚಿ ಮಾಡುತ್ತಿದ್ದೆ. ಈಗ ಹೆಚ್ಚಾಗಿ ಹಳೆಯ ಕೋವಿಗಳ ಮರದ ಕೆಲಸವೇ. ಇಂಥ ಸಲಹೆ ಕೇಳಿ ಕೆಡಿಸಿಕೊಂಡ ಕೋವಿಗಳೂ ನನ್ನ ಬಳಿ ಬರುತ್ತವೆ. ಅಷ್ಟು ಹೊತ್ತಿಗೆ ಹಳೇ ಮರ ಒಲೆ ಸೇರಿರುತ್ತದೆ.

ಮರದ ಮಾತಿಗೆ ಮುಂಚೆ ಇನ್ನೊಂದು. ಪೆಟ್ಟಿಗೆ ಬಿಚ್ಚಿದ ಕೂಡಲೇ ಕೋವಿ ಖಾಲಿ ಇದೆಯಾ ನೋಡಿ. ಕಳಿಸಿದವರು ಏನೇ ಹೇಳಿರಲಿ. ಬೋಲ್ಟ್, ಅಂದರೆ ನಳಿಗೆಯ ಹಿಂಬಾಯಿ ಮುಚ್ಚುವ ಜಾರುವ ಕಬ್ಬಿಣ, ಇರುವ ರೈಫಲ್ ಆದರೆ ಅದನ್ನು ತೆಗೆದು ನೋಡಿದರೆ ತಿಳಿಯುತ್ತದೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯಲ್ಲಿ ಹಾಗೆ ಕಾಣುವುದಿಲ್ಲ. ಒಂದು ಮರದ ಕಡ್ಡಿಯನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಹತ್ತಿರ ಗುರುತು ಮಾಡಿ. ಆಮೇಲೆ ಆ ಗುರುತು ಬಾಯಿಗೆ ಸರಿಯಾಗಿ ಬರುವ ಹಾಗೆ ಅದೇ ಕಡ್ಡಿಯನ್ನು ನಳಿಗೆಯ ಹೊರಗಡೆ ಹಿಡಿದು ನೋಡಿ. ಕಡ್ಡಿ ಹಿಂದಿನ ಕಿವಿಯ, ಅಂದರೆ ಮದ್ದಿಗೆ ಬೆಂಕಿ ಹೋಗುವ, ತೂತಿನವರೆಗೆ ಬರದೆ ಮೊದಲೇ ನಿಂತರೆ ಒಳಗೆ ಏನೋ ಇದೆ ಅಂತ ಅರ್ಥ. ಅಜ್ಜನ ಕಾಲದಲ್ಲಿ ತುಂಬಿ ಹಾಗೇ ಗೋಡೆಗೆ ನೇತುಹಾಕಿದ ಮದ್ದು ಇವತ್ತಿಗೂ ಹೊತ್ತಿಕೊಳ್ಳಬಹುದು. ಕರಿಮದ್ದು ಒಣಗಿದ್ದರೆ ಅದಕ್ಕೆ ವಯಸ್ಸಾಗುವುದಿಲ್ಲ. ಅಂಥದ್ದನ್ನು ಮುಟ್ಟಬೇಡಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೈಗೆ ಕೊಡಿ.

ಇನ್ನು ಮರ. ಪಾರ್ಸೆಲ್‌ನಲ್ಲಿ ಮುರಿಯುವ ರೈಫಲ್ ಹೆಚ್ಚಾಗಿ ಒಂದೇ ಜಾಗದಲ್ಲಿ ಮುರಿಯುತ್ತದೆ. ಟ್ರಿಗರ್ ಹಿಂದೆ ಕೈ ಹಿಡಿಯುವ ಸಣ್ಣ ಭಾಗ, ನಾವು ಕುತ್ತಿಗೆ ಅನ್ನುತ್ತೇವೆ. ಅಲ್ಲಿ ಮರ ಮೊದಲೇ ತೆಳು. ಅದರ ಮೇಲೆ ನಳಿಗೆಯ ಹಿಂದೆ ಚಾಚಿದ ಕಬ್ಬಿಣದ ಬಾಲ ಕೂರಿಸಲು ಮೇಲಿಂದ ಕೊರೆದಿರುತ್ತಾರೆ, ಟ್ರಿಗರ್‌ಗೆ ಕೆಳಗಿಂದ ಕೊರೆದಿರುತ್ತಾರೆ, ನಡುವೆ ಸ್ಕ್ರೂ ತೂತು ಬೇರೆ. ಮರದ ಎಳೆ ಅಲ್ಲಿ ಓರೆಯಾಗಿ ಓಡಿದ್ದರೆ ಇನ್ನೂ ಕಷ್ಟ. ಪೆಟ್ಟಿಗೆ ಬುಡ, ಅಂದರೆ ಭುಜಕ್ಕೆ ಒತ್ತುವ ಮರದ ಹಿಂದಿನ ಭಾಗ, ಕೆಳಗಾಗಿ ನೆಲಕ್ಕೆ ಬಿತ್ತು ಅಂದುಕೊಳ್ಳಿ. ಬುಡ ನಿಲ್ಲುತ್ತದೆ, ಮುಂದಿನ ಭಾರದ ನಳಿಗೆ ನಿಲ್ಲುವುದಿಲ್ಲ. ಅಷ್ಟೂ ಏಟು ಕುತ್ತಿಗೆಗೆ.

1898ರ ಮೌಸರ್ ಮಾದರಿಯ ಒಂದು ರೈಫಲ್ ಹೀಗೇ ಬಂದಿತ್ತು. ತುದಿಯಿಂದ ಬುಡದವರೆಗೆ ಒಂದೇ ವಾಲ್‌ನಟ್ ಮರ. ಕಬ್ಬಿಣದ ಬಾಲದ ಹಿಂದಿನಿಂದ ಹೊರಟ ಬಿರುಕು ಓರೆಯಾಗಿ ಇಳಿದು ಟ್ರಿಗರ್ ಕಾವಲಿನ ಹಿಂದೆ ಹೊರಬಂದಿತ್ತು. ಮಾಲೀಕರು ಅವಸರಕ್ಕೆ ಸೂಪರ್ ಗ್ಲೂ ಸುರಿದಿದ್ದರು. ಪಾಪ, ಅವರದೂ ತಪ್ಪಲ್ಲ, ಕೈಗೆ ಸಿಕ್ಕಿದ್ದು ಅದು. ಆದರೆ ಆ ಗೋಂದು ಗಟ್ಟಿಯಾದ ಮೇಲೆ ಗಾಜಿನ ಹಾಗೆ ಪೆಳಸು, ಒಂದು ಏಟು ಬಿದ್ದರೆ ಬಿಟ್ಟುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಮುರಿದ ಎಳೆಗಳ ಸಂದಿಯಲ್ಲಿ ಕೂತು ಅವನ್ನು ಮತ್ತೆ ಒಂದಕ್ಕೊಂದು ಕೂಡಲು ಬಿಡುವುದಿಲ್ಲ. ಅದನ್ನು ಅಸಿಟೋನ್ ಹಾಕಿ ಹಲ್ಲುಜ್ಜುವ ಬ್ರಷ್‌ನಿಂದ ಎಳೆ ಎಳೆಯಾಗಿ ಬಿಡಿಸುವುದೇ ಅರ್ಧ ಕೆಲಸ ಆಯಿತು.

ಹಳೆ ರೈಫಲ್ ಮರದ ಇನ್ನೊಂದು ತಲೆನೋವು ಎಣ್ಣೆ. ಕಬ್ಬಿಣಕ್ಕೆ ಬಿಟ್ಟ ಎಣ್ಣೆ ವರ್ಷಗಟ್ಟಲೆ ಕುತ್ತಿಗೆಗೆ ಇಳಿದು ಮರ ಕಪ್ಪಗೆ ಆಗಿರುತ್ತದೆ. ಎಣ್ಣೆ ಕುಡಿದ ಮರಕ್ಕೆ ಯಾವ ಗೋಂದೂ ಹಿಡಿಯುವುದಿಲ್ಲ. ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಮುರಿದ ಮುಖಕ್ಕೆ ಮೆತ್ತಿ ಒಣಗಲು ಬಿಡುತ್ತೇನೆ. ಪುಡಿ ಕಂದು ಬಣ್ಣಕ್ಕೆ ತಿರುಗುತ್ತದೆ, ಎಣ್ಣೆ ಹೊರಗೆ ಬಂತು ಅಂತ ಲೆಕ್ಕ. ಉದುರಿಸಿ ಮತ್ತೆ ಮೆತ್ತಬೇಕು. ಪುಡಿ ಬೆಳ್ಳಗೇ ಉಳಿಯುವವರೆಗೆ ಬಿಡಬಾರದು. ಅಸಿಟೋನ್‌ಗೆ ಬೆಂಕಿ ಬೇಗ ಹತ್ತುತ್ತದೆ, ಗಾಳಿಯಾಡುವ ಕಡೆ ಕೂತು ಮಾಡಿ. ಒಲೆ, ಬೀಡಿ ಹತ್ತಿರ ಬೇಡ.

ಮುರಿದ ಮುಖವನ್ನು ಉಪ್ಪುಕಾಗದದಿಂದ ಉಜ್ಜಿ 'ನೀಟ್' ಮಾಡುವವರು ಇದ್ದಾರೆ. ದಯವಿಟ್ಟು ಬೇಡ. ಆ ಸಿಬಿರು ಸಿಬಿರೇ ನಮ್ಮ ಬಲ. ಒಂದರೊಳಗೊಂದು ಕೂತರೆ ಜಾಗ ತಾನಾಗಿ ಸಿಗುತ್ತದೆ. ಗೋಂದು ಎಂದರೆ ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ. ಐದು ನಿಮಿಷದ್ದಲ್ಲ, ಒಂದು ದಿನ ಹಿಡಿಯುವಂಥದ್ದು. ಅದು ಎಳೆಯೊಳಗೆ ಇಳಿಯಲು ಸಮಯ ಸಿಗುತ್ತದೆ, ನಮಗೂ ಮರ ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ. ಕಬ್ಬಿಣದ ಭಾಗಕ್ಕೆ ಮೇಣ ಸವರಿ ಮರದಲ್ಲಿ ಕೂರಿಸಿಯೇ ಅಂಟಿಸುತ್ತೇನೆ, ಇಲ್ಲದಿದ್ದರೆ ಬುಡ ಒಂದು ಕೂದಲು ವಾರೆಯಾದರೂ ಸ್ಕ್ರೂಗಳು ಕೂರುವುದಿಲ್ಲ. ಕುತ್ತಿಗೆ ದುಂಡು, ಕ್ಲ್ಯಾಂಪ್ ಜಾರುತ್ತದೆ. ಹಳೇ ಸೈಕಲ್ ಟ್ಯೂಬ್ ಸೀಳಿ ಎಳೆದು ಎಳೆದು ಸುತ್ತಿದರೆ ಸುತ್ತಲೂ ಒಂದೇ ಬಿಗಿ ಬರುತ್ತದೆ. ಅದಕ್ಕಿಂತ ಒಳ್ಳೆ ಕ್ಲ್ಯಾಂಪ್ ನಾನು ನೋಡಿಲ್ಲ.

ಅಂಟಿದ ಮೇಲೆ ಒಳಗಿನಿಂದ, ಅಂದರೆ ಕಬ್ಬಿಣ ಕೂರುವ ಗುಂಡಿಯಿಂದಲೇ, ಬಿರುಕನ್ನು ದಾಟುವ ಹಾಗೆ ತೂತು ಕೊರೆದು ಸ್ಕ್ರೂನಂತೆ ಸುತ್ತು ಗೆರೆ ಇರುವ ಹಿತ್ತಾಳೆ ಕಡ್ಡಿಯನ್ನು ಎಪಾಕ್ಸಿಯಲ್ಲಿ ಅದ್ದಿ ಇಳಿಸಬೇಕು. ಕೋವಿ ಜೋಡಿಸಿದರೆ ಆ ಕಡ್ಡಿ ಯಾರಿಗೂ ಕಾಣುವುದಿಲ್ಲ. ಹೊರಗೆ ಕೂದಲೆಳೆಯಂಥ ಗೆರೆ ಕಾಣುತ್ತದೆ. ಕಾಣಲಿ ಬಿಡಿ. ಅದನ್ನು ಮುಚ್ಚಲು ಹೋಗಿ ಇಡೀ ಮರ ಉಜ್ಜಿದರೆ ಹೋಗುವುದು ಬೇರೆಯದೇ. ಹಳೆಯ ಸೇನಾ ರೈಫಲ್‌ಗಳ ಮರದ ಮೇಲೆ ಕಾರ್ಖಾನೆಯ ಮುದ್ರೆ, ತಪಾಸಣೆ ಮಾಡಿದವರ ಮುದ್ರೆ ಒತ್ತಿರುತ್ತಾರೆ. ಜರ್ಮನ್ ಮೌಸರ್‌ಗಳಲ್ಲಿ ಕಬ್ಬಿಣದ ನಂಬರನ್ನು ಮರದ ಮೇಲೂ ಒತ್ತಿದ್ದುಂಟು. ಎರಡೂ ಹೊಂದಿದರೆ ಅವು ಹುಟ್ಟಿನಿಂದ ಜೋಡಿ ಅಂತ ಗೊತ್ತಾಗುತ್ತದೆ. ಹೊಸ ಮರದಲ್ಲಿ ಇದೆಲ್ಲ ಎಲ್ಲಿಂದ ಬರಬೇಕು?

ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲ್ ಇರುವವರಿಗೆ ಬೇರೆಯದೇ ಮಾತು. ಅದರಲ್ಲಿ ಹಿಂದಿನ ಬುಡ ಬೇರೆ, ಮುಂದಿನ ಮರ ಬೇರೆ. ಬುಡವನ್ನು ಒಂದು ಉದ್ದನೆಯ ಬೋಲ್ಟ್ ಹಿಡಿದಿರುತ್ತದೆ, ಇದು ಸ್ಕ್ರೂ ಥರದ್ದು, ನಳಿಗೆ ಮುಚ್ಚುವ ಬೋಲ್ಟ್ ಅಲ್ಲ. 1907ರ ಮಾರ್ಕ್ 3ರಲ್ಲಿ ಆ ಬೋಲ್ಟ್‌ನ ತುದಿ ಚೌಕ. ಅದು ಮುಂದಿನ ಮರದ ಹಿಂಬದಿಯಲ್ಲಿರುವ ಒಂದು ಪುಟ್ಟ ತಗಡಿನಲ್ಲಿ ಕೂತಿರುತ್ತದೆ, ತಿರುಗದೇ ಇರಲಿ ಅಂತ. ಮುಂದಿನ ಮರ ಕಳಚದೆ ಬುಡದ ಬೋಲ್ಟ್ ತಿರುಗಿಸಿದರೆ ಚೌಕ ತುದಿ ಮುಂದಿನ ಮರವನ್ನು ಸೀಳುತ್ತದೆ. ಪಾರ್ಸೆಲ್‌ನಲ್ಲಿ ಬುಡ ಮಾತ್ರ ಮುರಿದು ಬಂದ ರೈಫಲ್, ರಿಪೇರಿಗೆ ಅಂತ ಬಿಚ್ಚುವಾಗ ಮುಂದೆಯೂ ಸೀಳಿದ್ದನ್ನು ನೋಡಿದ್ದೇನೆ. ಯಾವಾಗಲೂ ಮುಂದಿನ ಮರ ಮೊದಲು, ಬುಡ ಆಮೇಲೆ.

ಬರೀ ತಗ್ಗು ಬಿದ್ದಿದ್ದರೆ ಅದು ಮುರುಕೇ ಅಲ್ಲ. ಒದ್ದೆ ಬಟ್ಟೆ ಇಟ್ಟು ಮೇಲೆ ಕಾದ ಇಸ್ತ್ರಿ ಪೆಟ್ಟಿಗೆ ಒತ್ತಿ, ಆವಿಗೆ ಒತ್ತಿದ ಎಳೆ ಉಬ್ಬಿ ಮೇಲೆ ಬರುತ್ತದೆ. ಎಳೆ ತುಂಡಾಗಿದ್ದರೆ ಮಾತ್ರ ಬರುವುದಿಲ್ಲ. ಆಮೇಲೆ ಅಗಸೆ ಎಣ್ಣೆ, ತೆಳ್ಳಗೆ, ಕೈಯಿಂದಲೇ ತಿಕ್ಕಿ. ವಾರ್ನಿಶ್ ಬೇಡವೇ ಬೇಡ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ ಬಟ್ಟೆ ತಾನೇ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ.

ಕಬ್ಬಿಣದ ವಿಷಯಕ್ಕೆ ಜಾಸ್ತಿ ಹೋಗುವುದಿಲ್ಲ, ಅದು ನನ್ನ ಕಸುಬಲ್ಲ. ಮುಂದಿನ ಗುರಿಕಡ್ಡಿ ವಾಲಿದೆಯಾ, ನಳಿಗೆ ಬಗ್ಗಿದೆಯಾ ಅಂತ ತಿಳಿದವರಿಂದ ನೋಡಿಸಿ. ತುಕ್ಕು ಕಂಡರೆ ಎಣ್ಣೆ ಮತ್ತು ಮೆತ್ತನೆ ಬಟ್ಟೆ ಸಾಕು. ಪಾಲಿಶ್ ಚಕ್ರಕ್ಕೆ ಕೊಟ್ಟರೆ ಕಬ್ಬಿಣದ ಮೇಲೆ ಒತ್ತಿದ ಅಕ್ಷರಗಳ ಅಂಚು ಮಾಸಿಹೋಗುತ್ತದೆ.

ಸಾಗಣೆಯವರಿಂದ ನಷ್ಟಕ್ಕೆ ಪರಿಹಾರ ಕೇಳುವವರು ಗೋಂದಿನ ಡಬ್ಬಿ ಮುಟ್ಟುವ ಮೊದಲೇ ಪೆಟ್ಟಿಗೆಯ ಹೊರಗಿನ ಏಟು, ಒಳಗಿನ ತುಂಬುವಿಕೆ, ಮುರಿದ ಜಾಗ ಎಲ್ಲದರ ಫೋಟೋ ತೆಗೆಯಿರಿ. ಪೆಟ್ಟಿಗೆ ಎಸೆಯಬೇಡಿ. ಸಾಗಣೆಯವರು ಮೊದಲು ಕೇಳುವುದೇ ಪ್ಯಾಕಿಂಗ್ ಹೇಗಿತ್ತು ಅಂತ. ರಿಪೇರಿ ಮುಗಿದ ವಸ್ತುವಿನ ಮೇಲೆ ದೂರು ನಿಲ್ಲುವುದು ಕಷ್ಟ.

ಕಳಿಸುವವರಿಗೂ ಒಂದು ಮಾತು. ಕಾನೂನು ಒಪ್ಪುವ ದಾರಿಯಲ್ಲೇ ಕಳಿಸುತ್ತೀರಿ ಅಂದುಕೊಳ್ಳುತ್ತೇನೆ. ಬೋಲ್ಟ್ ತೆಗೆದು ಬೇರೆ ಸುತ್ತಿ, ಪೆಟ್ಟಿಗೆಯೊಳಗೆ ಅದು ಉರುಳಿದರೆ ಮರಕ್ಕೆ ಸುತ್ತಿಗೆ ಬಿದ್ದ ಹಾಗೆ. ಸಾಧ್ಯವಾದರೆ ಮರದಿಂದ ಕಬ್ಬಿಣವನ್ನೇ ಬೇರ್ಪಡಿಸಿ, ಆಗ ಕುತ್ತಿಗೆಗೆ ಹೊರಲು ಭಾರವೇ ಇರುವುದಿಲ್ಲ. ಬಿಚ್ಚಲು ಬಾರದಿದ್ದರೆ ಬುಡ, ಬಾಯಿ ಎರಡೂ ತುದಿಗೆ ದಪ್ಪ ಫೋಮ್ ಕೊಟ್ಟು ಅಲುಗಾಡಿಸಿ ನೋಡಿ, ಒಳಗೆ ಏನೂ ಕದಲಬಾರದು. ಹಳೆ ದಿನಪತ್ರಿಕೆಯಲ್ಲಿ ಕಬ್ಬಿಣ ಸುತ್ತಬೇಡಿ, ತೇವ ಹೀರಿ ತುಕ್ಕು ತರುತ್ತದೆ. ನಿಮ್ಮ ಪತ್ರಿಕೆ ಎಷ್ಟೇ ಒಳ್ಳೆಯದಿದ್ದರೂ ಇದಕ್ಕೆ ಆಗುವುದಿಲ್ಲ ಸಂಪಾದಕರೇ, ಬೇಸರ ಮಾಡಿಕೊಳ್ಳಬೇಡಿ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ, ಅಂಟಿಸಿದ ಮೇಲೆ ಹಾರಿಸಬಹುದಾ ಅಂತ. ಬಿರುಕು ಸ್ವಚ್ಛವಾಗಿದ್ದು ಎಲ್ಲ ತುಂಡೂ ಸಿಕ್ಕಿದ್ದರೆ ಮರದ ಮಟ್ಟಿಗೆ ನಾನು ಹೂಂ ಅನ್ನುತ್ತೇನೆ, ಕಬ್ಬಿಣಕ್ಕೆ ಹೂಂ ಅನ್ನಬೇಕಾದವರು ಕೋವಿ ರಿಪೇರಿಯವರು. ಕುತ್ತಿಗೆ ಪುಡಿಯಾಗಿ ಅರ್ಧ ಎಪಾಕ್ಸಿಯಿಂದಲೇ ಕಟ್ಟಿದ್ದರೆ ಅದು ನೋಡಲು ಮಾತ್ರ. ಹಾಗಂತ ಬುಡದ ಒಳಗೆ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ, ಮುಂದೆ ಯಾರ ಕೈಗೆ ಹೋಗುತ್ತದೋ ಯಾರಿಗೆ ಗೊತ್ತು.

ಇತಿ ನಿಮ್ಮ ಓದುಗ,
ಕೋವಿ ಮರದ ಕೆಲಸದ ಬಡಗಿ